ಮೊದಲು ಹುಟ್ಟಿದವನಿಗೆ 'ಉತ್ತರ'ನೆಂಬ ಹೆಸರೇ?

ಪಾಶ್ಚಾತ್ಯ ರಾಕ್ ಸಂಗೀತದ ಚರಿತ್ರೆಯನ್ನು ಬರೆಯುವವರು ಒಂದು ಸೂತ್ರವನ್ನು ಕಂಠಪಾಠ ಮಾಡಿಕೊಂಡಿದ್ದಾರೆ. ಪಂಕ್ ಎಂಬ ಒರಟು ಸಂಗೀತವು ನ್ಯೂಯಾರ್ಕಿನಲ್ಲಿ ಮೊಳೆತು ಲಂಡನ್ನಿನಲ್ಲಿ ಹೆಮ್ಮರವಾಯಿತಂತೆ. ಆ ಮರ ಒಣಗಿದ ಮೇಲೆ ಅದರ ಬೇರಿನಿಂದ 'ಪೋಸ್ಟ್-ಪಂಕ್', ಎಂದರೆ ಉತ್ತರ-ಪಂಕ್, ಚಿಗುರಿತಂತೆ. ಸೂತ್ರವು ಬಹು ಸುಲಭವಾದುದು. ಆದರೆ ಅದು ಸುಳ್ಳೆಂದು ನಾವು ಹೇಳುತ್ತೇವೆ.

ಸಾಕ್ಷಿಗಾಗಿ ಅಮೆರಿಕದ ನಡುನಾಡಿನ ಓಹಾಯೋ ಸಂಸ್ಥಾನಕ್ಕೆ ಹೋಗಬೇಕು. ಅಲ್ಲಿ ಈರಿ ಸರೋವರದ ದಡದಲ್ಲಿರುವ ಕ್ಲೀವ್‌ಲ್ಯಾಂಡ್ ಉಕ್ಕಿನ ನಗರ. 1950ರಲ್ಲಿ 9,14,808 ಮಂದಿಯಿದ್ದ ಆ ಊರು 1980ರ ಹೊತ್ತಿಗೆ 5,73,822ಕ್ಕೆ ಇಳಿದಿತ್ತು. ಅದರ ನಡುವೆ ಹರಿಯುವ ಕಾಯಹೋಗ ನದಿಗೆ, ಕಾರ್ಖಾನೆಗಳ ಎಣ್ಣೆ ತುಂಬಿ, 1969ರಲ್ಲಿ ಬೆಂಕಿಯೇ ಹತ್ತಿಕೊಂಡಿತು. ನೀರು ಉರಿಯುವ ಊರಿನಲ್ಲಿ ಸಂಗೀತ ಸೌಮ್ಯವಾಗಿರಬೇಕೆಂದು ಬಯಸುವುದು ನ್ಯಾಯವೆ?

ಈ ಊರಿನಲ್ಲಿ 'ರಾಕೆಟ್ ಫ್ರಮ್ ದ ಟೂಂಬ್ಸ್' ಎಂಬ ತಂಡವೊಂದಿದ್ದು 1975ರಲ್ಲಿ ಒಡೆದುಹೋಯಿತು. ಅದೇ ವರ್ಷ ಅದರ ಗಾಯಕ ಡೇವಿಡ್ ಥಾಮಸ್, ಗಿಟಾರ್ ವಾದಕ ಪೀಟರ್ ಲಾಫ್ನರ್ ಮುಂತಾದವರು ಸೇರಿ 'ಪೇರ್ ಊಬೂ' ತಂಡವನ್ನು ಕಟ್ಟಿದರು. ಹೆಸರು ಆಲ್ಫ್ರೆಡ್ ಜಾರಿಯ 1896ರ ಫ್ರೆಂಚ್ ನಾಟಕದ ಹೊಟ್ಟೆಬಾಕ ರಾಜನದು. ಸಾಹಿತ್ಯ ಬೋಧಿಸುವ ನಮ್ಮ ಉಪಾಧ್ಯಾಯ ಬಂಧುಗಳು ಇದನ್ನು ಗಮನಿಸಬೇಕು. ಇವರು ಓದಿದ ಹುಡುಗರು, ಬೀದಿಯ ಪುಂಡರಲ್ಲ.

ಯಾವ ಕಂಪನಿಯ ಬಾಗಿಲನ್ನೂ ಕಾಯದೆ, ಥಾಮಸನು ಹುಟ್ಟುಹಾಕಿದ 'ಹಾರ್ಥನ್' ಎಂಬ ಸ್ವಂತ ಮುದ್ರೆಯಲ್ಲಿ ಅವರು 1975ರ ಕೊನೆಯಲ್ಲಿ ಮೊದಲ ರೆಕಾರ್ಡನ್ನು ಹೊರತಂದರು. ಒಂದು ಮಗ್ಗುಲಲ್ಲಿ '30 ಸೆಕೆಂಡ್ಸ್ ಓವರ್ ಟೋಕಿಯೋ', ಇನ್ನೊಂದರಲ್ಲಿ 'ಹಾರ್ಟ್ ಆಫ್ ಡಾರ್ಕ್‌ನೆಸ್'. ಮೊದಲನೆಯದು 1942ರಲ್ಲಿ ಟೋಕಿಯೋದ ಮೇಲೆ ನಡೆದ ವಿಮಾನದಾಳಿಯನ್ನು ಕುರಿತದ್ದು. ಆರು ನಿಮಿಷಕ್ಕೂ ಮಿಕ್ಕಿದ, ತೆವಳುತ್ತ ಸಾಗಿ ಒಮ್ಮೆಲೇ ಸಿಡಿಯುವ ಹಾಡು. ಆಲನ್ ರಾವನ್‌ಸ್ಟೈನನ ವಿದ್ಯುತ್ ವಾದ್ಯ ಅಲ್ಲಿ ರಾಗ ನುಡಿಸುವುದಿಲ್ಲ; ಬುಸುಗುಡುತ್ತದೆ, ಗುಡುಗುತ್ತದೆ. ಥಾಮಸನ ಕಂಠ ಮೃದುವಲ್ಲ, ಶ್ರೋತೃವನ್ನು ಓಲೈಸುವುದೂ ಇಲ್ಲ. ಉತ್ತರ-ಪಂಕಿನ ಲಕ್ಷಣಗಳೆಂದು ಪಂಡಿತರು ಪಟ್ಟಿ ಮಾಡುವುದು ಇವನ್ನೇ ಅಲ್ಲವೆ?

ಈಗ ಪಂಚಾಂಗ ತೆರೆಯೋಣ. ನ್ಯೂಯಾರ್ಕಿನ ರಮೋನ್ಸ್ ತಂಡದ ಮೊದಲ ಎಲ್.ಪಿ. ರೆಕಾರ್ಡು ಬಂದುದು 1976ರ ಏಪ್ರಿಲಿನಲ್ಲಿ. ಲಂಡನ್ನಿನ ಸೆಕ್ಸ್ ಪಿಸ್ಟಲ್ಸರ ಮೊದಲ ರೆಕಾರ್ಡು ಬಂದುದು ಅದೇ ವರ್ಷದ ನವೆಂಬರಿನಲ್ಲಿ. ಉತ್ತರಕಾಂಡವು ಬಾಲಕಾಂಡಕ್ಕಿಂತ ಮೊದಲು ಅಚ್ಚಾಗಿರುವುದನ್ನು ಯಾವ ಪಂಡಿತನಾದರೂ ಕಂಡಿದ್ದಾನೆಯೆ?

'ಪೋಸ್ಟ್' ಎಂಬುದು ಕಾಲವಾಚಕವಲ್ಲ, ಶೈಲಿಯ ಹೆಸರು ಮಾತ್ರ ಎಂದು ಕೆಲವರು ವಾದಿಸುತ್ತಾರೆ. ಹಾಗಿದ್ದರೆ ಶೈಲಿಯನ್ನು ಹೇಳುವ ಹೆಸರನ್ನೇ ಇಡಬಹುದಿತ್ತಲ್ಲ! ಪೇರ್ ಊಬೂ ತಂಡದವರು ಪತ್ರಿಕೆಯವರಿಗಾಗಿ ತಮಾಷೆಯಿಂದ 'ಅವಾಂ-ಗರಾಜ್' ಎಂಬ ಹೆಸರನ್ನು ಕೊಟ್ಟಿದ್ದರು. ತಮಾಷೆಯಾದರೂ ಅದರಲ್ಲಿ ತಾರೀಖಿನ ತಪ್ಪಿಲ್ಲ.

ನ್ಯೂಯಾರ್ಕಿನ ಋಣ ಇವರಿಗೆ ಇರಲೇ ಇಲ್ಲವೆಂದು ನಾವು ಹೇಳುತ್ತಿಲ್ಲ. ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ ಸಂಗೀತವನ್ನು ಈ ಹುಡುಗರು ಮನಸಾರೆ ಮೆಚ್ಚಿಕೊಂಡಿದ್ದರು. ನಮ್ಮ ತಕರಾರು ಬೇರೆ. ಒಡೆದುಹೋದ ಹಳೆಯ ತಂಡದ ಇನ್ನೊಂದು ಪಾಲು, ಚೀಟಾ ಕ್ರೋಮ್ ಮತ್ತು ಜಾನಿ ಬ್ಲಿಟ್ಜ್, 'ಡೆಡ್ ಬಾಯ್ಸ್' ತಂಡದವರಾಗಿ 1976ರಲ್ಲಿ ನ್ಯೂಯಾರ್ಕಿಗೆ ಗುಳೆ ಹೋಯಿತು. 1977ರಲ್ಲಿ ಬಂದ ಅವರ ಎಲ್.ಪಿ.ಯ ಮೊದಲ ಹಾಡು 'ಸಾನಿಕ್ ರಿಡ್ಯೂಸರ್'. ಅದು ಕ್ಲೀವ್‌ಲ್ಯಾಂಡಿನ ಹಳೆಯ ತಂಡದ ಹಾಡು. ಅದನ್ನು ಕಟ್ಟಿದವರಲ್ಲಿ ಥಾಮಸನೂ ಒಬ್ಬ. ಒಂದೇ ಮಡಕೆಯ ಗಂಜಿ! ರಾಜಧಾನಿಗೆ ಹೋಗಿ ಕುಡಿದವರು 'ಪಂಕ್', ಮನೆಯಲ್ಲಿಯೇ ಕುಡಿದವರು 'ಉತ್ತರ-ಪಂಕ್'. ಇದು ಸಂಗೀತದ ವಿಮರ್ಶೆಯಲ್ಲ, ವಿಳಾಸದ ವಿಮರ್ಶೆ.

ತಪ್ಪು ಹುಟ್ಟಿದ ಬಗೆಯೂ ಸ್ಪಷ್ಟವಾಗಿದೆ. ಪೇರ್ ಊಬೂವಿನ ಮೊದಲ ಎಲ್.ಪಿ. 'ದ ಮಾಡರ್ನ್ ಡಾನ್ಸ್' 1978ರಲ್ಲಿ, ಮರ್ಕ್ಯುರಿ ಕಂಪನಿಯ ಅಂಗವಾದ 'ಬ್ಲಾಂಕ್' ಮುದ್ರೆಯಲ್ಲಿ ಬಂತು. ಅದೇ ವರ್ಷ ಅವರು ಲಂಡನ್ನಿಗೂ ಹೋಗಿ ಹಾಡಿದರು. ಪಂಡಿತರು ತಮ್ಮ ಕಣ್ಣಿಗೆ ಬಿದ್ದ ದಿನವನ್ನೇ ಜನ್ಮದಿನವೆಂದು ಜಾತಕ ಬರೆದುಬಿಟ್ಟರು. ಅದಕ್ಕೆ ಮುಂಚೆ ಸ್ವಂತ ಮುದ್ರೆಯಲ್ಲಿ ಬಂದ ನಾಲ್ಕು ಪುಟ್ಟ ರೆಕಾರ್ಡುಗಳು ಲೆಕ್ಕಕ್ಕಿಲ್ಲದೆ ಹೋದುವು. ತರಗತಿಯಲ್ಲಿ ಇಸವಿಗಳನ್ನು ಕರಿಹಲಗೆಯ ಮೇಲೆ ಬರೆಸುವವರು ಈ ಅಪಚಾರವನ್ನು ಹೇಗೆ ಸಹಿಸಿಯಾರು? ಬರೆದುಕೊಳ್ಳುವ ಹುಡುಗನು ಪುಟ್ಟ ಊರಿನಲ್ಲಿ ಹುಟ್ಟಿದ್ದೆಲ್ಲ ದೊಡ್ಡ ಊರಿನ ಪ್ರತಿಧ್ವನಿಯೆಂದೇ ನಂಬಿ ಬೆಳೆಯುತ್ತಾನೆ.

ಡೇವಿಡ್ ಥಾಮಸ್ 2025ರ ಏಪ್ರಿಲಿನಲ್ಲಿ ತೀರಿಕೊಂಡನು. ಮೊದಲ ರೆಕಾರ್ಡಿನಲ್ಲಿ ಗಿಟಾರ್ ನುಡಿಸಿದ ಪೀಟರ್ ಲಾಫ್ನರ್ 1976ರಲ್ಲಿಯೇ ತಂಡವನ್ನು ಬಿಟ್ಟು, 1977ರ ಜೂನಿನಲ್ಲಿ ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮಡಿದನು. 'ಪೋಸ್ಟ್-ಪಂಕ್' ಎಂಬ ಮಾತು ಲಂಡನ್ನಿನ ಸಂಗೀತ ಪತ್ರಿಕೆಗಳಲ್ಲಿ ಕಾಣಿಸಿಕೊಂಡುದು ಆ ವರ್ಷದ ಕೊನೆಯಲ್ಲಿ.