ಗಾಲಿ ತಿರುಗಿದರೆ ಸಾಲದು, ಗಾಡಿ ಹೋಗಬೇಕು

ಸಿಂಧನೂರಿನ ಭತ್ತದ ಗದ್ದೆಯಲ್ಲಿ ಟ್ರ್ಯಾಕ್ಟರ್ ಹೂತುಕೊಂಡಿದ್ದನ್ನು ನೋಡಿದ್ದೀರಾ? ರೇಸ್ ಕೊಟ್ಟಷ್ಟೂ ಗಾಲಿ ಅಲ್ಲೇ ತಿರುಗ್ತದ, ಗಾಡಿ ಇನ್ನಷ್ಟು ಕೆಳಗಿಳಿತದ. ಹಳೇ ಸ್ಪೋರ್ಟ್ಸ್ ಕಾರನ್ನು ಡ್ರ್ಯಾಗ್ ರೇಸಿಗೆ ಸಿದ್ಧ ಮಾಡೋರ ತಲೆನೋವೂ ಇದೇ. ಎಂಜಿನ್ನಿನ ಶಕ್ತಿ ನೆಲಕ್ಕೆ ಎಷ್ಟು ಇಳಿಯಿತು ಅನ್ನೋದರ ಮೇಲೆ ಎಲ್ಲ ನಿಂತಿದೆ.

ಡ್ರ್ಯಾಗ್ ರೇಸ್ ಅಂದರೆ ನಿಂತ ಜಾಗದಿಂದ ನೇರವಾಗಿ ಕಾಲು ಮೈಲಿ, ಅಂದರೆ 402 ಮೀಟರ್ ಓಟ. ಮೊದಲ 60 ಅಡಿಯ ಸಮಯವನ್ನು ಬೇರೆಯಾಗಿಯೇ ಅಳೀತಾರೆ. ಅಲ್ಲಿ 0.1 ಸೆಕೆಂಡ್ ಉಳಿಸಿದರೆ ಕೊನೆಗೆ ಸುಮಾರು 0.15 ಸೆಕೆಂಡ್ ಉಳಿಯುತ್ತದೆ.

ಕಾರು ಮುಂದಕ್ಕೆ ನುಗ್ಗಿದಾಗ ಭಾರ ಹಿಂದಕ್ಕೆ ಸರಿಯುತ್ತದೆ. 1500 ಕೆ.ಜಿ. ಕಾರು, ಗುರುತ್ವಕೇಂದ್ರ ಅರ್ಧ ಮೀಟರ್ ಎತ್ತರದಲ್ಲಿ, ವೀಲ್‌ಬೇಸ್ 2.5 ಮೀಟರ್ ಅಂದುಕೊಳ್ಳಿ. 0.5 ಜಿ ವೇಗೋತ್ಕರ್ಷದಲ್ಲಿ 150 ಕೆ.ಜಿ. ಭಾರ ಹಿಂದಿನ ಗಾಲಿಗೆ ಹೋಗುತ್ತದೆ. ಹಿಂದಿನ ಗಾಲಿ ತಳ್ಳುವ ಕಾರಿಗೆ ಇದು ವರ. ನಮ್ಮ ಕಡೆ ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ನೀರು ತುಂಬಿಸೋದೂ ಇದೇ ಹಿಡಿತಕ್ಕಾಗಿ.

ಹಾಗಂತ ಮೊದಲ ದಿನವೇ ದುಬಾರಿ ಟೈರ್ ಹಾಕಬೇಡಿ. ಟೈರ್ ಜಾರೋದು ಒಂಥರಾ ಫ್ಯೂಸ್ ಇದ್ದಹಾಗೆ. ಹಿಡಿತ ಹೆಚ್ಚಾದರೆ ಪೆಟ್ಟು ಕ್ಲಚ್ಚಿಗೆ, ಆಕ್ಸಲ್‌ಗೆ, ಡಿಫರೆನ್ಷಿಯಲ್‌ಗೆ ಬೀಳುತ್ತದೆ. ಇಪ್ಪತ್ತು ವರ್ಷದ ಕಾರಿನಲ್ಲಿ ರಬ್ಬರ್ ಬುಷ್, ಎಂಜಿನ್ ಮೌಂಟ್ ಬಿರುಕು ಬಿಟ್ಟಿರುತ್ತವೆ. ಮೊದಲು ಅವನ್ನು ಬದಲಿಸಿ, ಬ್ರೇಕ್ ನೋಡಿಸಿ. ಆಮೇಲೆ ಟೈರ್. ಡ್ರ್ಯಾಗ್ ರೇಡಿಯಲ್ ಆದರೆ 20 ಪಿಎಸ್ಐ ಆಸುಪಾಸಿನಿಂದ ಶುರು ಮಾಡಬಹುದು. ಮಾಮೂಲಿ ಟೈರಾದರೆ ಸ್ವಲ್ಪವೇ ಇಳಿಸಿ. ಮನೆಗೆ ಹೊರಡುವ ಮುಂಚೆ ಗಾಳಿ ಮತ್ತೆ ತುಂಬಿಸಿ.

ಲಾಂಚ್ ಆರ್‌ಪಿಎಂ ಕಡಿಮೆಯಿಂದ ಆರಂಭಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಓಟದ 60 ಅಡಿ ಸಮಯ ಬರೆದಿಡಿ. ಕೋಡ್ ಡೀಬಗ್ ಮಾಡೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಈಗ ಮುಖ್ಯ ಮಾತು. ಸಿಂಧನೂರಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಹೆದ್ದಾರಿ ಕಂಡರೆ ಕೈ ತುರಿಸುತ್ತದೆ, ನಿಜ. ಆದರೆ 14 ಸೆಕೆಂಡಿನಲ್ಲಿ ಕಾಲು ಮೈಲಿ ಮುಗಿಸುವ ಕಾರು ಕೊನೆಗೆ ಗಂಟೆಗೆ ಸುಮಾರು 160 ಕಿ.ಮೀ. ವೇಗದಲ್ಲಿರುತ್ತದೆ. ಸೆಕೆಂಡಿಗೆ 44 ಮೀಟರ್! ಒಣ ರಸ್ತೆಯಲ್ಲೂ ನೋಡಿ, ಬ್ರೇಕ್ ಒತ್ತಿ, ನಿಲ್ಲಲು ಹತ್ತಿರಹತ್ತಿರ 170 ಮೀಟರ್ ಬೇಕು. ರಾತ್ರಿ ಡಿಮ್ ಲೈಟಿನ ಬೆಳಕು ಅಷ್ಟು ದೂರ ಹೋಗಲ್ಲ. ಹಿಂದೆ ದೀಪವಿಲ್ಲದ ಭತ್ತದ ಟ್ರ್ಯಾಕ್ಟರ್, ರಸ್ತೆ ದಾಟುವ ಕುರಿ ಹಿಂಡು ಕಣ್ಣಿಗೆ ಬೀಳೋ ಹೊತ್ತಿಗೆ ತಡವಾಗಿರುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡೋದು ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅಪರಾಧವೂ ಹೌದು.

ಎಫ್‌ಎಂಎಸ್‌ಸಿಐ ಅನುಮತಿ ಇರುವ ಸ್ಪರ್ಧೆ ಎಲ್ಲಿದೆ ನೋಡಿಕೊಂಡು, ಹೆಲ್ಮೆಟ್ ಹಾಕ್ಕೊಂಡು ಅಲ್ಲಿಗೇ ಹೋಗಿ. ಅಲ್ಲಿಯವರೆಗೆ ಬುಷ್ ಬದಲಿಸೋ ಕೆಲಸ ಇದ್ದೇ ಇದೆಯಲ್ಲ!