ಎರಡು ಸರ್ವರ್ ಇದ್ದ ಮಾತ್ರಕ್ಕೆ...

"ನಮ್ದು ಹೈ ಅವೈಲಬಿಲಿಟಿ ಕಣ್ರೀ, ಎರಡು ಸರ್ವರ್ ಇದೆ!" ಮೀಟಿಂಗುಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಇವತ್ತು ಬರೆದೇ ಬಿಡೋಣ ಅಂತ ಕೂತೆ.

ಹಿಂದೆ ನಾನಿದ್ದ ಒಂದು ಪ್ರಾಜೆಕ್ಟಿನಲ್ಲೂ ಹೀಗೇ ಇತ್ತು. ಲೋಡ್ ಬ್ಯಾಲೆನ್ಸರ್ ಹಿಂದೆ ಎರಡು ಆಪ್ ಸರ್ವರ್. ಸಂಜೆಯ ರಶ್ಶಿನಲ್ಲಿ ಎರಡೂ 70% ಲೋಡ್. ಒಂದು ಶುಕ್ರವಾರ ಒಂದು ಸತ್ತಿತು. ಉಳಿದದ್ದರ ತಲೆ ಮೇಲೆ 140%! ಐದೇ ನಿಮಿಷಕ್ಕೆ ಅದೂ ಮಲಗಿತು. ಊರಿಗೆ ಹೋಗುವ ಬಸ್ಸು ನನ್ನ ಬಿಟ್ಟು ಹೋಯಿತು. ಡಯಾಗ್ರಾಮ್ ಬರೆದವರು ಮಾತ್ರ ಹಾಯಾಗಿ ನಿದ್ದೆ ಮಾಡಿದರು :-)

ಸ್ವಾಮೀ, ಲೆಕ್ಕ ಸುಲಭ. ಎರಡನೇ ಸರ್ವರನ್ನು ವೇಗಕ್ಕೆ ಖರ್ಚು ಮಾಡಿದ ಮೇಲೆ ಅದು ಆಪತ್ಕಾಲಕ್ಕೆ ಉಳಿದಿಲ್ಲ. ಒಂದೇ ದುಡ್ಡಿಗೆ ಎರಡು ಸಾಮಾನು ಬರುವುದಿಲ್ಲ. ರಶ್ಶಿನ ಹೊತ್ತಲ್ಲೂ ಎರಡಿದ್ದರೆ ತಲಾ 50%, ಮೂರಿದ್ದರೆ 66% ಒಳಗೇ ಇರಬೇಕು. ಲೋಡ್ ಬ್ಯಾಲೆನ್ಸರೇ ಒಂಟಿಯಾಗಿದ್ದರಂತೂ ಕೇಳಲೇಬೇಡಿ.

"ಹಾಗಾದ್ರೆ ಡೇಟಾಬೇಸನ್ನು ದೂರದ ಡೇಟಾ ಸೆಂಟರಿನಲ್ಲೂ ಇಟ್ಟು ಫೇಲ್‌ಓವರ್ ಆಟೋಮ್ಯಾಟಿಕ್ ಮಾಡೋಣ" ಅನ್ನುವವರು ಗಿಟ್‌ಹಬ್ ಕಥೆ ಓದಬೇಕು. 2018ರ ಅಕ್ಟೋಬರ್ 21ರಂದು ಅಮೆರಿಕದ ಪೂರ್ವ ಕರಾವಳಿಯ ಅವರ ಡೇಟಾ ಸೆಂಟರಿನ ನೆಟ್‌ವರ್ಕ್ ಕಡಿದಿದ್ದು ಬರೀ 43 ಸೆಕೆಂಡು. ಅಷ್ಟರಲ್ಲೇ ಆಟೋಮ್ಯಾಟಿಕ್ ವ್ಯವಸ್ಥೆ ಪಶ್ಚಿಮ ಕರಾವಳಿಯ ಮೈಎಸ್‌ಕ್ಯೂಎಲ್‌ಗೆ ಪಟ್ಟ ಕಟ್ಟಿತ್ತು. ಪೂರ್ವದ ಕೊನೆಯ ಕೆಲವು ಬರಹಗಳು ಪಶ್ಚಿಮಕ್ಕೆ ತಲುಪಿರಲಿಲ್ಲ, ಪಶ್ಚಿಮದ ಹೊಸ ಬರಹಗಳು ಪೂರ್ವದಲ್ಲಿರಲಿಲ್ಲ. ಜೊತೆಗೆ ಪೂರ್ವದ ಆಪ್‌ಗಳು ಪ್ರತಿ ಬರಹಕ್ಕೂ ದೇಶದ ಆ ತುದಿಗೆ ಓಡಬೇಕಾಯಿತು. ವೇಗವೂ ಹೋಯಿತು, ಲಭ್ಯತೆಯೂ ಹೋಯಿತು. ಎಲ್ಲ ಸರಿಹೋಗಲು 24 ಗಂಟೆ 11 ನಿಮಿಷ!

ನನ್ನ ವಾದ ಇಷ್ಟೇ. ಆಪ್ ಸರ್ವರ್ ಬೇಕಾದ್ದಕ್ಕಿಂತ ಒಂದು ಹೆಚ್ಚಿರಲಿ. ಡೇಟಾಬೇಸಿನ ಜೋಡಿ ಅದೇ ಊರಿನ ಬೇರೆ ಕಟ್ಟಡದಲ್ಲಿರಲಿ, ಯಾರು ಬದುಕಿದ್ದಾರೆ ಅಂತ ವೋಟು ಹಾಕಲು ಮೂರನೆಯವನೊಬ್ಬನಿರಲಿ. ದೂರದ ಪ್ರತಿ ಪ್ರಳಯಕ್ಕೆ ಮಾತ್ರ. ಅಲ್ಲಿಗೆ ಹಾರುವ ತೀರ್ಮಾನ ಮನುಷ್ಯನದ್ದೇ ಆಗಿರಲಿ. ಅದಕ್ಕೆ ಅರ್ಧ ಗಂಟೆ ಹಿಡಿದರೆ ಆಕಾಶ ಬೀಳುವುದಿಲ್ಲ. 99.9% ಅಂದರೂ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಸಿಗುತ್ತದೆ.

ಕೊನೆಯದಾಗಿ, ಮೂರು ತಿಂಗಳಿಗೊಮ್ಮೆ ಹಗಲು ಹೊತ್ತಿನಲ್ಲಿ, ಎಲ್ಲರೂ ಎದುರಿಗಿರುವಾಗ ಒಂದು ಸರ್ವರನ್ನು ನೀವೇ ಆರಿಸಿ ನೋಡಿ. ಕೈ ನಡುಗಿತಾ? ಹಾಗಾದರೆ ನಿಮ್ಮಲ್ಲಿರೋದು ಎರಡು ಸರ್ವರ್ ಅಷ್ಟೇ, ಹೈ ಅವೈಲಬಿಲಿಟಿ ಅಲ್ಲ.

ಏನಂತೀರಿ?