ಯಾರ ಗಡಿಯಾರ, ಯಾರಿಗೆ ಬೀಗ?

ಬೇಗ ಆಯಿತೋ ತಡ ಆಯಿತೋ ಎಂಬ ಜಗಳ ಇನ್ನೂ ಮುಗಿದಿಲ್ಲ. 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ಲಾಕ್‌ಡೌನ್ ಬೀಗ ಜಡಿದದ್ದು ಸರಿಯಾದ ಹೊತ್ತಿಗೇ ಎನ್ನುತ್ತಾರೆ ಕೆಲವರು. ಇನ್ನೂ ಮೊದಲೇ ಜಡಿಯಬೇಕಿತ್ತು ಎನ್ನುತ್ತಾರೆ ಕೆಲವರು. ಜಡಿಯಲೇಬಾರದಿತ್ತು ಎನ್ನುವವರೂ ಇದ್ದಾರೆ. ಮೂವರೂ ಓದಿದವರು. ಮೂವರ ಮನೆಯಲ್ಲೂ ಆ ರಾತ್ರಿ ಅಕ್ಕಿ ಇತ್ತು. ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಿಂದ ನಾವು ಕೇಳುವ ಪ್ರಶ್ನೆ ಬೇರೆ. ಹೊತ್ತು ಅಂದರೆ ಯಾರ ಹೊತ್ತು? ನಿಮ್ಮ ಗೋಡೆಯ ಗಡಿಯಾರದ್ದೋ, ನಮ್ಮ ಒಲೆಯದ್ದೋ?

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ರೋಗ ಸುಳ್ಳು ಎನ್ನುವವರ ಗುಂಪಿನಲ್ಲಿ ನಾವಿಲ್ಲ. ಒಂದೇ ಕೋಣೆಯಲ್ಲಿ ಆರು ಜನ ಮಲಗುವ, ಇಡೀ ಸಾಲಿಗೆ ಒಂದೇ ನಲ್ಲಿ ಇರುವ ಲೈನಿಗೆ ರೋಗ ಹೊಕ್ಕರೆ ಮೊದಲು ಬೀಳುವುದು ನಮ್ಮ ಹೆಣವೇ. ತಡೆಯಬೇಕಿತ್ತು, ಒಪ್ಪುತ್ತೇವೆ. ನಮ್ಮ ತಕರಾರು ಬೀಗದ ಮೇಲಲ್ಲ. ಬೀಗಕ್ಕಿಂತ ಮೊದಲು ಏನು ಬರಬೇಕಿತ್ತು, ಅದು ಯಾಕೆ ಬರಲಿಲ್ಲ ಎಂಬುದರ ಮೇಲೆ.

ತಾರೀಕುಗಳನ್ನು ಎದುರಿಗಿಟ್ಟುಕೊಂಡು ನೋಡೋಣ. ದೇಶದ ಮೊದಲ ಪ್ರಕರಣ ಕೇರಳದ ತ್ರಿಶೂರಿನಲ್ಲಿ ಕಂಡದ್ದು 2020ರ ಜನವರಿ 30. ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೆಲ್ಲ ತುರ್ತು ಎಚ್ಚರಿಕೆ ಕೊಟ್ಟದ್ದೂ ಅದೇ ದಿನ. ಫೆಬ್ರವರಿ 24ಕ್ಕೆ ಅಹಮದಾಬಾದಿನ ಕ್ರೀಡಾಂಗಣದಲ್ಲಿ ಅಮೆರಿಕದ ಅಧ್ಯಕ್ಷರಿಗೆ ಜನಜಾತ್ರೆ. ಮಾರ್ಚ್ 10ಕ್ಕೆ ನಮ್ಮದೇ ಕಲಬುರಗಿಯಲ್ಲಿ ದೇಶದ ಮೊದಲ ಸಾವು. ಮಾರ್ಚ್ 13ಕ್ಕೆ ಕೇಂದ್ರದ ಆರೋಗ್ಯ ಸಚಿವಾಲಯ ಇದು ಆರೋಗ್ಯ ತುರ್ತುಸ್ಥಿತಿ ಅಲ್ಲ ಎಂದಿತು. ಮಾರ್ಚ್ 19ಕ್ಕೆ ಕೊಡಗಿನ ಮೊದಲ ಪ್ರಕರಣ, ವಿದೇಶದಿಂದ ಬಂದ ಒಬ್ಬರಲ್ಲಿ. ಅವರನ್ನು ನಾವು ದೂರುವುದಿಲ್ಲ. ರೋಗ ಹತ್ತಿದವನು ಅಪರಾಧಿ ಅಲ್ಲ. ಆದರೆ ವಿದೇಶದ ವಿಮಾನಗಳು ನಿಂತದ್ದು ಮಾರ್ಚ್ 22ಕ್ಕೆ ಎಂಬುದನ್ನು ಮರೆಯುವುದಿಲ್ಲ. ಜನವರಿ 30ರಿಂದ ಎಣಿಸಿದರೆ 52 ದಿನ.

ಇನ್ನು ನಮ್ಮ ಲೆಕ್ಕ. ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಮಾತಾಡಿದರು, 12 ಗಂಟೆಗೆ ದೇಶ ಬಂದ್. ವಿಮಾನದಲ್ಲಿ ಬರುವವರಿಗೆ 52 ದಿನ ಸಡಿಲ ಬಿಟ್ಟ ಸರ್ಕಾರ ಕಾಲ್ನಡಿಗೆಯವನಿಗೆ ಕೊಟ್ಟದ್ದು 4 ಗಂಟೆ. ತಡವೂ ಆಯಿತು, ಅವಸರವೂ ಆಯಿತು. ತಡ ಉಳ್ಳವರಿಗಾಗಿ, ಅವಸರ ಇಲ್ಲದವರ ಮೇಲೆ.

ಕೊಡಗಿಗೆ ಆ 4 ಗಂಟೆಯೂ ಇರಲಿಲ್ಲ. ರಾಜ್ಯ ಸರ್ಕಾರ ಮಾರ್ಚ್ 22ರಂದೇ ಬಂದ್ ಮಾಡಲು ಹೆಸರಿಸಿದ ಒಂಬತ್ತು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಅಂದು ಭಾನುವಾರ, ಜನತಾ ಕರ್ಫ್ಯೂ. ಭಾನುವಾರ ಸಂತೆ ಕೂಡುವ ಊರುಗಳಲ್ಲಿ ಸಂತೆ ಕೂಡಲಿಲ್ಲ. ತೋಟದ ಕೂಲಿಗೆ ಸಂತೆ ಅಂದರೆ ಏನು ಗೊತ್ತೇ? ವಾರದ ಬಟವಾಡೆ ಕೈಗೆ ಬಂದು, ಅದು ವಾರದ ಅಕ್ಕಿ, ಒಣಮೀನು, ಎಣ್ಣೆ, ಎಲೆ-ಅಡಿಕೆ ಆಗುವ ಒಂದೇ ಒಂದು ದಿನ. ನಮ್ಮಲ್ಲಿ ಉಗ್ರಾಣ ಇಲ್ಲ. ತಿಂಗಳ ಸಾಮಾನು ಎಂಬ ಮಾತೂ ಇಲ್ಲ. ಒಂದು ಸಂತೆ ತಪ್ಪಿದರೆ ಒಂದು ವಾರ ತಪ್ಪಿತು ಅಷ್ಟೆ.

ಕರಿಮೆಣಸು ಕುಯ್ಯುವ ಕಾಲ ಅದು. ನಾವಿದ್ದ ತೋಟದಲ್ಲಿ ಏಣಿಗಳು ಮರಕ್ಕೆ ಒರಗಿದ್ದ ಹಾಗೇ ನಿಂತವು. ಗೇಟಿಗೆ ಬೀಗ ಬಿತ್ತು. ಯಾವ ತೋಟ ಎಂಬುದು ಬೇಡ. ಒಂದರ ಹೆಸರು ಹೇಳಿದರೆ ಉಳಿದವರು ಬಿಳಿಬಟ್ಟೆಯಲ್ಲಿ ಉಳಿದುಬಿಡುತ್ತಾರೆ. ಲೈನಿನ ಎರವರ ಅಜ್ಜಿಯೊಬ್ಬಳು ರೈಟರನ್ನು ಕೇಳಿದಳು: "ರೋಗ ಒಳಗ್ ಬರ್ಬಾರ್ದು ಅಂತ ಗೇಟ್ ಹಾಕಿದ್ರಿ, ಸರಿ ಸಾಮಿ. ಗಂಜಿ ಒಳಗ್ ಬರೋದು ಯಾವ ಗೇಟ್ನಾಗೆ?" ರೈಟರ ಹತ್ತಿರ ಉತ್ತರ ಇರಲಿಲ್ಲ, ಪುಸ್ತಕ ಇತ್ತು. ಅಕ್ಕಿ ಕೊಟ್ಟರು. ಕೊಟ್ಟದ್ದನ್ನು ಮುಂಗಡದ ಪುಸ್ತಕದಲ್ಲಿ ಬರೆದುಕೊಂಡರು. ಬೀಗ ತೆಗೆಯುವ ಹೊತ್ತಿಗೆ ನಮ್ಮ ಮಳೆಗಾಲದ ದುಡಿಮೆ ಆ ಪುಸ್ತಕದೊಳಗೆ ಹೋಗಿ ಕೂತಿತ್ತು. ಜೀತ ರದ್ದಾದ ಕಾಯ್ದೆ 1976ರದ್ದು. ಮುಂಗಡದ ಪುಸ್ತಕಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಸರ್ಕಾರ ಏನೂ ಕೊಡಲಿಲ್ಲವೇ ಎಂದು ಕೇಳುವಿರಿ. ಕೊಟ್ಟಿತು. ತಲೆಗೆ 5 ಕೆ.ಜಿ. ಧಾನ್ಯ ಎಂದು ಮಾರ್ಚ್ 26ಕ್ಕೆ ಸಾರಿತು. ಬೀಗ ಮೊದಲು, ಅಕ್ಕಿಯ ಮಾತು ಆಮೇಲೆ. ಅದೂ ಕಾರ್ಡು ಇದ್ದವರಿಗೆ. ಪಿರಿಯಾಪಟ್ಟಣ, ಹುಣಸೂರು ಕಡೆಯಿಂದ, ದೂರದ ಅಸ್ಸಾಮಿನಿಂದ ಬಂದು ಲೈನಿನಲ್ಲಿ ಸಿಕ್ಕಿಕೊಂಡವನ ಕಾರ್ಡು ಊರಲ್ಲಿ, ಹೊಟ್ಟೆ ಇಲ್ಲಿ. ರಾಜ್ಯ ಸರ್ಕಾರದ 1,610 ಕೋಟಿ ರೂಪಾಯಿಯ ಪ್ಯಾಕೇಜು ಬಂದದ್ದು ಮೇ 6ಕ್ಕೆ, ದೇಶಕ್ಕೆ ಬೀಗ ಬಿದ್ದು 42 ದಿನ ಆದ ಮೇಲೆ. ಹೂ ಬೆಳೆದವರಿಗೆ, ಮಡಿವಾಳರಿಗೆ, ಕ್ಷೌರಿಕರಿಗೆ, ಆಟೋದವರಿಗೆ, ನೇಕಾರರಿಗೆ, ಕಟ್ಟಡ ಕೂಲಿಗಳಿಗೆ ಕೊಟ್ಟರು. ಕೊಡಬೇಕಾದದ್ದೇ. ತೋಟದ ಕೂಲಿಗೆಂದು ಒಂದು ಸಾಲು ಅದರಲ್ಲಿ ನಮಗೆ ಕಾಣಲಿಲ್ಲ. ಏಪ್ರಿಲ್ 20ರಿಂದ ಕಾಫಿ ತೋಟಗಳಿಗೆ ಅರ್ಧ ಆಳು ಹಚ್ಚಬಹುದು ಎಂದರು. ಉಳಿದರ್ಧದವರ ಹೊಟ್ಟೆಯನ್ನು ಯಾರ ಲೆಕ್ಕಕ್ಕೆ ಹಾಕಿದರು?

"ಮನೆಯಲ್ಲೇ ಇರಿ" ಎಂದರು. ಯಾವ ಮನೆಯಲ್ಲಿ? 2016ರ ಡಿಸೆಂಬರಿನ ಚಳಿಯಲ್ಲಿ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲು ಕಿತ್ತುಹಾಕಿದ್ದು ಸರ್ಕಾರವೇ ಅಲ್ಲವೇ? "ಅಂತರ ಕಾಪಾಡಿ" ಎಂದರು. ಅಂತರ ನಮಗೆ ಹೊಸ ಪಾಠವೇ? ಹೊಟೆಲಿನ ಹೊರಗೆ ಬೇರೆ ಲೋಟ, ಬಾವಿಯಿಂದ ಇಷ್ಟು ದೂರ ಎಂದು ಅಳೆದುಕೊಟ್ಟವರು ಯಾರು?

ಹಸಿವಿಗಾಗಿ ಕಾದಿದ್ದರೆ ರೋಗ ಹಬ್ಬುತ್ತಿತ್ತಲ್ಲ ಎಂಬುದು ಅವರ ದೊಡ್ಡ ವಾದ. ಕೂಲಿಗಳನ್ನು ಊರಿಗೆ ಬಿಟ್ಟಿದ್ದರೆ ರೋಗವನ್ನೂ ಹೊತ್ತೊಯ್ಯುತ್ತಿದ್ದರಂತೆ. ಅದನ್ನೂ ಲೆಕ್ಕ ಹಾಕೋಣ. ಬೀಗ ಬಿದ್ದಾಗ ದೇಶದಲ್ಲಿ ಗೊತ್ತಾದ ಪ್ರಕರಣ 500ರ ಆಸುಪಾಸು. ಶ್ರಮಿಕ್ ರೈಲು ಬಿಟ್ಟದ್ದು ಮೇ 1ಕ್ಕೆ. ಅಷ್ಟರಲ್ಲಿ ಪ್ರಕರಣ 35 ಸಾವಿರ. ರೋಗ ಕಮ್ಮಿ ಇದ್ದಾಗ ತಡೆದು ಕೂಡಿಹಾಕಿ, ಹೆಚ್ಚಾದ ಮೇಲೆ ಬಿಟ್ಟರು. ಬೆಂಗಳೂರಿನಲ್ಲಂತೂ ಬಿಲ್ಡರುಗಳ ಜೊತೆ ಮುಖ್ಯಮಂತ್ರಿಗಳ ಸಭೆ ಆದ ಮೇಲೆ ರೈಲುಗಳನ್ನೇ ರದ್ದು ಮಾಡಿ, ಛೀಮಾರಿ ಬಿದ್ದ ಮೇಲೆ ಮತ್ತೆ ಬಿಟ್ಟರು. ಇದು ರೋಗ ತಡೆಯುವ ಲೆಕ್ಕವೋ, ಆಳು ತಪ್ಪದಂತೆ ನೋಡಿಕೊಳ್ಳುವ ಲೆಕ್ಕವೋ?

ಬೇರೆ ದಾರಿ ಇರಲಿಲ್ಲ ಎನ್ನುವವರು ಮಾಕುಟ್ಟ ಘಾಟಿ ಇಳಿದು ನೋಡಲಿ. ಕೇರಳ ಸರ್ಕಾರ 20 ಸಾವಿರ ಕೋಟಿ ರೂಪಾಯಿಯ ನೆರವು, ಉಚಿತ ಪಡಿತರ ಎಂದು ಸಾರಿದ್ದು ಮಾರ್ಚ್ 19ಕ್ಕೆ. ತನ್ನ ರಾಜ್ಯಕ್ಕೆ ಬೀಗ ಎಂದದ್ದು ಮಾರ್ಚ್ 23ಕ್ಕೆ. ಕೇರಳ ಸ್ವರ್ಗ ಅಂತ ನಾವು ಹೇಳುತ್ತಿಲ್ಲ. ಮಾರ್ಚ್ 29ಕ್ಕೆ ಅಲ್ಲೂ ಪಾಯಿಪ್ಪಾಡಿನಲ್ಲಿ ಹೊರರಾಜ್ಯದ ಕೂಲಿಗಳು ಬೀದಿಗೆ ಬಂದರು. ಆದರೆ ಅನ್ನ ಮೊದಲು, ಬೀಗ ಆಮೇಲೆ ಎಂಬ ಕ್ರಮ ಸಾಧ್ಯ ಇತ್ತು ಎಂಬುದಕ್ಕೆ ಸಾಕ್ಷಿ ನಮ್ಮ ಗಡಿಯಲ್ಲೇ ಇತ್ತು. ನಮ್ಮವರು ಆ ಗಡಿಯ ರಸ್ತೆಗೆ ಮಣ್ಣು ಸುರಿದರು. ಮಣ್ಣಿನ ಲಾರಿಗೆ ತಡ ಆಗಲಿಲ್ಲ.

ಮೊದಲ ಸಲ, ಗೊತ್ತಾಗಲಿಲ್ಲ ಎನ್ನಬಹುದು. ಎರಡನೇ ಸಲ? 2021ರ ಏಪ್ರಿಲಿನಲ್ಲಿ ಎರಡನೇ ಅಲೆ ಊರೂರು ನುಂಗುತ್ತಿತ್ತು. ಏಪ್ರಿಲ್ 17ಕ್ಕೆ ಮಸ್ಕಿ, ಬಸವಕಲ್ಯಾಣ, ಬೆಳಗಾವಿಗಳಲ್ಲಿ ಉಪಚುನಾವಣೆ. ಏಪ್ರಿಲ್ 27ಕ್ಕೆ ಮಡಿಕೇರಿ ನಗರಸಭೆಯ ಮತದಾನ. ರಾಜ್ಯಕ್ಕೆ ಮತ್ತೆ ಬೀಗ ಬಿದ್ದದ್ದು ಯಾವಾಗ? ಅದೇ ಏಪ್ರಿಲ್ 27ರ ರಾತ್ರಿ 9 ಗಂಟೆಗೆ. ಹಗಲು ಬೆರಳಿಗೆ ಶಾಯಿ, ರಾತ್ರಿ ಬಾಗಿಲಿಗೆ ಬೀಗ. ಮತಕ್ಕಾಗಿ ಕಾದೆವು ಎಂದು ಯಾರೂ ಬರೆದುಕೊಟ್ಟಿಲ್ಲ. ಬರೆದುಕೊಡಬೇಕೇ? ಆ ಸಲದ ಪರಿಹಾರದ ಪ್ಯಾಕೇಜು ಬಂದದ್ದು ಮೇ 19ಕ್ಕೆ. ಮತ್ತೆ 22 ದಿನ ಹಿಂದೆ. ಅಷ್ಟರಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ 24 ಜನ ಸತ್ತಿದ್ದರು, ಆಮ್ಲಜನಕ ತೀರಿಹೋದ ಆ ಮೇ 2ರ ರಾತ್ರಿಯ ಸುದ್ದಿ ದೇಶಕ್ಕೇ ಗೊತ್ತು.

ಗೆಳೆಯರೇ, ಮತಕ್ಕೆ ಕಾಯುವ ಸರ್ಕಾರ ಅಕ್ಕಿಗೂ ಕಾಯಬಹುದಿತ್ತು. ನಮ್ಮ ಒಟ್ಟು ಮಾತು ಇಷ್ಟೇ. ಮುಂದೆ ಯಾವ ರೋಗ ಬಂದರೂ, ಯಾವ ಪಕ್ಷದ ಸರ್ಕಾರ ಇದ್ದರೂ ಬೀಗಕ್ಕೊಂದು ಕ್ರಮ ಇರಲಿ. ಕಾರ್ಡು ಕೇಳದೆ ಲೈನಿಗೆ, ಹಾಡಿಗೆ, ಕೇರಿಗೆ ಒಂದು ತಿಂಗಳ ಪಡಿತರ ಮೊದಲು ಇಳಿಯಲಿ. ಕೆಲಸ ನಿಂತ ದಿನದ ಕೂಲಿ ಯಾರು ಕೊಡುತ್ತಾರೆ ಎಂಬುದು ಕಾಗದದ ಮೇಲೆ ಬರಲಿ. ತೋಟದಲ್ಲಿ ಕೊಟ್ಟ ಅಕ್ಕಿ ಮುಂಗಡದ ಪುಸ್ತಕ ಹತ್ತದಿರಲಿ. ಊರಿಗೆ ಹೋಗುವವನಿಗೆ ರೋಗ ಕಮ್ಮಿ ಇರುವಾಗಲೇ ಬಸ್ಸು ಸಿಗಲಿ. ಆಮೇಲೆ ಹಾಕಿ ಬೀಗ, ನಾವೇ ಕೈ ಜೋಡಿಸುತ್ತೇವೆ. 1897ರಲ್ಲಿ ಬ್ರಿಟಿಷರು ಪ್ಲೇಗಿಗೆ ಮಾಡಿದ ಕಾಯ್ದೆಯನ್ನೇ 2020ರಲ್ಲೂ ಹೊರಗೆ ತೆಗೆದರಲ್ಲ, ಅದರಲ್ಲಿ ತಡೆಯುವ ಅಧಿಕಾರ ಇದೆ, ಉಣಿಸುವ ಹೊಣೆ ಇಲ್ಲ. ಆ ಹೊಣೆಯನ್ನು ಕಾಯ್ದೆಯೊಳಗೆ ಬರೆಸಬೇಕು. ಬೇಗವೋ ತಡವೋ ಎಂದು ವಾದ ಮಾಡುವವರು ಮಾಡುತ್ತಿರಲಿ. ನಾವು ಲೈನ್ ಲೈನಿಗೆ ಹೋಗಿ ಆ ಮುಂಗಡದ ಪುಸ್ತಕಗಳನ್ನು ಹೊರಗೆ ತರಿಸೋಣ. 2020ರ ಮಾರ್ಚಿನ ಹಾಳೆಯಿಂದಲೇ ಓದಲು ಶುರುಮಾಡೋಣ.